ಎಲ್ಲರ ನಡುವೆ ನಿಂತ ಶಹಜಹಾನ್ ಬೇಗಂ

ತಾಳಗುಂದದ ಬಸವಣ್ಣೆಮ್ಮ ಅರ್ಧ ಆಯಸ್ಸನ್ನು ಗದ್ದೆ ನಾಟಿಯಲ್ಲೇ ಕಳೆದವಳು. ಸೊಂಟ ಹಿಡಿದ ಮೇಲೆ ಸೊರಬದ ರಸ್ತೆಯ ಅನಾನಸ್ ಫ್ಯಾಕ್ಟರಿ ಸೇರಿದಳು. ದಿನವೆಲ್ಲ ನಿಂತು ಹಣ್ಣು ಹೆರೆಯಬೇಕು, ಆದರೆ ಬಗ್ಗೋದು ತಪ್ಪಿತಲ್ಲ, ಅದೇ ಪುಣ್ಯ ಅನ್ನುತ್ತಿದ್ದಳು.

ಮೊದಲು ಅವರವರು ಹೆರೆದಷ್ಟಕ್ಕೆ ಅವರವರ ಕೂಲಿ. ಈ ವರ್ಷ ಮ್ಯಾನೇಜರ್ ಗುರುಪ್ರಕಾಶ್ ಹೊಸ ಕ್ರಮ ತಂದರು. ಸಂಬಳದ ಮೇಲೆ ಬೋನಸ್, ಅದೂ ಒಂದು ಮೇಜಿನಲ್ಲಿ ನಿಂತವರೆಲ್ಲ ಸೇರಿ ಗೊತ್ತುಮಾಡಿದಷ್ಟು ಹಣ್ಣು ಮುಗಿಸಿದರೆ ಮಾತ್ರ, ಇಡೀ ಮೇಜಿಗೆ ಒಟ್ಟಾಗಿ. "ಯಾರನ್ನ ಇಟ್ಕೊಳ್ತೀರಿ, ಯಾರನ್ನ ಬಿಡ್ತೀರಿ, ನೀವೇ ನೋಡ್ಕೊಳ್ರಿ," ಅಂದು ಬಸವಣ್ಣೆಮ್ಮನನ್ನು ಮೇಜಿನ ಹಿರಿಯಳು ಮಾಡಿದರು.

ಮೊದಲ ತಿಂಗಳು ಬೋನಸ್ ತಪ್ಪಿತು. ಎಲ್ಲರ ಕಣ್ಣೂ ಅದೇ ಮೇಜಿನ ಶಹಜಹಾನ್ ಬೇಗಂ ಮೇಲೆ. ಹಣ್ಣಿನ ಹುಳಿಗೆ ಆಕೆಯ ಬೆರಳು ಊದಿ ಚಾಕು ನಿಧಾನವಾಗಿತ್ತು. ಈ ಮೇಜು ಬಿಟ್ಟರೆ ಆಕೆಗೆ ಬೇರೆ ಮೇಜಿಲ್ಲ, ಮನೆಗೇ ಹೋಗಬೇಕು.

"ದೊಡ್ಡಮ್ಮ, ಒಬ್ಬರ ಸಲುವಾಗಿ ಎಲ್ಲರಿಗೂ ಪಂಗನಾಮ," ಅಂದಳು ಚೈತ್ರಶ್ರೀ. ಕೈ ಚುರುಕಿನ ಹುಡುಗಿ, ಬಾಯಿ ಇನ್ನೂ ಚುರುಕು.

"ಅವಳಂದಿದ್ದು ಖರೆ ಅಕ್ಕಾ, ನನ್ನ ಬಿಟ್ಟುಬಿಡ್ರಿ," ಅಂದಳು ಶಹಜಹಾನ್ ಬೇಗಂ.

ಬಸವಣ್ಣೆಮ್ಮ ಊಟಕ್ಕೆ ಕೂತಾಗ ಕೇಳಿದಳು, "ಚೈತ್ರಾ, ಮುಯ್ಯಾಳಿಗೆ ಹೋಗಿದ್ಯೇನೆ?"

ಮುಯ್ಯಾಳೆಂದರೆ ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು.

"ಹೋಗಿದ್ದೆ. ನೆಡೋಕೆ ಬರ್ತಿರಲಿಲ್ಲ, ನಡುವೆ ನಿಲ್ಲಿಸ್ತಿದ್ರು. ನಾನು ಹಿಂದೆ ಬಿದ್ರೆ ಆ ಕಡೆ ಅಮ್ಮ, ಈ ಕಡೆ ಚಿಕ್ಕಮ್ಮ ನನ್ನ ಸಾಲೂ..." ಹುಡುಗಿಯ ತುತ್ತು ಕೈಯಲ್ಲೇ ಉಳಿಯಿತು.

"ಬೋನಸ್ ಒಟ್ಟಿಗೆ ಬೇಕು, ಹಣ್ಣಿನ ಗುಡ್ಡೆ ಮಾತ್ರ ಬೇರೆ ಬೇರೆ. ತಮ್ಮದು ಮುಗಿದವರು ಚಾಕು ಒರೆಸ್ತಾ ನಿಲ್ತೀರಿ. ಹಿಂಗಾದ್ರೆ ಯಾವ ಗದ್ದೆ ನಾಟಿ ಮುಗಿದೀತು?" ಅಂದಳು ಬಸವಣ್ಣೆಮ್ಮ.

ಮಾರನೇ ದಿನ ಗುಡ್ಡೆ ಒಂದಾಯಿತು. ಶಹಜಹಾನ್ ಬೇಗಂ ನಡುವೆ ನಿಂತಳು, ಒಂದು ಪಕ್ಕ ಬಸವಣ್ಣೆಮ್ಮ, ಇನ್ನೊಂದು ಪಕ್ಕ ಚೈತ್ರಶ್ರೀ. ಕೈ ಖಾಲಿಯಾದವರು ಪಕ್ಕದವರ ಹಣ್ಣಿಗೆ ಕೈ ಹಾಕಿದರು.

ಆ ತಿಂಗಳು ಬೋನಸ್ ಬಂತು. ಫ್ಯಾಕ್ಟರಿಯಿಂದ ಲಾರಿಗಳೂ ಹೊತ್ತಿಗೆ ಸರಿಯಾಗಿ ಹೊರಟವು. ಶಹಜಹಾನ್ ಬೇಗಂ ಮಾತ್ರ ತನ್ನ ಪಾಲು ಮುಟ್ಟಲೊಲ್ಲಳು.

"ತಗೊಳ್ರಿ ಚಾಚಿ," ಅಂದಳು ಚೈತ್ರಶ್ರೀ. "ನಾಳೆ ನಾನು ಏಳು ತಿಂಗಳ ಬಸುರಿಯಾಗಿ ಇಲ್ಲಿ ನಿಂತಾಗ ನನಗೂ ಪಾಲು ಬೇಡ ಅಂತೀರೇನು?"

ಮದುವೆಯೇ ಆಗದ ಹುಡುಗಿಯ ಮಾತಿಗೆ ಮೇಜೆಲ್ಲ ನಕ್ಕಿತು. ಶಹಜಹಾನ್ ಬೇಗಂ ಸೆರಗಿನಲ್ಲಿ ಮೊದಲು ಕಣ್ಣು, ಆಮೇಲೆ ಕೈ ಒರೆಸಿಕೊಂಡು ತನ್ನ ಪಾಲು ತಗೊಂಡಳು.