ಅಕ್ಕನನ್ನು ಬೈದ ಮಾತೂ ಇವರ ಕೈಯಿಂದಲೇ

ಬೆಳಗಿನ ಐದೂಮುಕ್ಕಾಲು. ಟಿವಿ ಸ್ಟುಡಿಯೋದ ಮೂಲೆಯಲ್ಲಿ ಒಬ್ಬ ಮಹಿಳೆ ಉಂಗುರ ಬಿಚ್ಚಿಟ್ಟು ಬೆರಳುಗಳನ್ನು ಮಡಚಿ ಬಿಡಿಸುತ್ತಿದ್ದಾರೆ. ಆರಕ್ಕೆ ವಾರ್ತೆ. ಪರದೆಯ ಪುಟ್ಟ ಚೌಕದಲ್ಲಿ ನಿಂತು, ಕಿವಿ ಕೇಳಿಸದವರಿಗೆ ಸನ್ನೆ ಭಾಷೆಯಲ್ಲಿ ಸುದ್ದಿ ಮುಟ್ಟಿಸುವುದು ಇವರ ಕೆಲಸ.

ದಿನಕ್ಕೆ ನಾಲ್ಕು ವಾರ್ತೆ, ನಡುವೆ ನಾಯಕರ ಪತ್ರಿಕಾಗೋಷ್ಠಿ. ಹದಿನಾಲ್ಕು ವರ್ಷದಿಂದ ಇದೇ. ಸಂಜೆಯ ಹೊತ್ತಿಗೆ ಭುಜ ಮೇಲೇಳುವುದಿಲ್ಲ. ತಾಯಿಗೆ ಹುಟ್ಟಿನಿಂದ ಕಿವಿ ಕೇಳಿಸದು. "ನಮ್ಮನೇಲಿ ಜಗಳ ಆಡ್ಬೇಕಂದ್ರೂ ಮೊದಲು ಲೈಟ್ ಹಾಕ್ಬೇಕು," ಎಂದು ನಗುತ್ತಾರೆ.

ಹೋದ ವರ್ಷ ಒಂದು ಮಧ್ಯಾಹ್ನ ಆ ನಗು ಹಾರಿಹೋಯಿತು. ಇವರ ಅಕ್ಕ ನೀರು ಶುದ್ಧೀಕರಣ ಘಟಕದಲ್ಲಿ ನೀರು ಪರೀಕ್ಷಿಸುವವರು. ಮಾದರಿಯಲ್ಲಿ ವಿಷದ ಅಂಶ ಕಂಡು, ಮೇಲಧಿಕಾರಿಗಳು ಫೋನಿಗೆ ಸಿಗದೆ, ಅರ್ಧ ಊರಿನ ನೀರನ್ನು ತಾವೇ ನಿಲ್ಲಿಸಿದ್ದರು. ಜನ ಖಾಲಿ ಕೊಡ ಹಿಡಿದು ಬೀದಿಗಿಳಿದರು. ಮಂತ್ರಿಗಳು ಮೈಕಿನ ಮುಂದೆ ಬಂದರು, ಪರದೆಯ ಚೌಕದಲ್ಲಿ ಸನ್ನೆ ಮಾಡಲು ತಂಗಿ. ಅಕ್ಕನ ಹೆಸರು ಬರುತ್ತದೆಂದು ಇವರು ಎಣಿಸಿರಲಿಲ್ಲ.

ಮಂತ್ರಿಗಳು ಹೆಸರು ಹಿಡಿದೇ ಬೈದರು. ತಲೆಕೆಟ್ಟ ಹೆಂಗಸು, ಊರನ್ನೇ ಬಾಯಾರಿಸಿದವಳು, ಕೆಲಸಕ್ಕೆ ನಾಲಾಯಕ್ಕು ಎಂದರು.

"ಅಕ್ಕನ ಹೆಸರಿಗೆ ನಮ್ಮನೇಲೊಂದು ಸನ್ನೆ ಇದೆ, ಕೆನ್ನೆ ಗುಳಿ ಮುಟ್ಟೋದು. ಕೈ ತಾನಾಗೇ ಅಲ್ಲಿಗೆ ಹೋಯ್ತು. ಆಗ ನೆನಪಾಯ್ತು, ಅಮ್ಮ ಟಿವಿ ಮುಂದೆ ಕೂತಿರ್ತಾಳೆ ಅಂತ. ಆ ಮುದ್ದಿನ ಸನ್ನೆಗೆ ಬೈಗುಳ ಅಂಟಬಾರ್ದು ಅಂತ ಕೈ ತಡೆದು, ಹೆಸರಿನ ಒಂದೊಂದೇ ಅಕ್ಷರ ಬೆರಳಲ್ಲಿ ತೋರಿಸಿದೆ."

ಮಂತ್ರಿಗಳ ಒಂದು ಮಾತನ್ನೂ ಇವರು ಸನ್ನೆಯಲ್ಲಿ ಮೆತ್ತಗೆ ಮಾಡಲಿಲ್ಲ. ಸಂಜೆಯೊಳಗೆ ವಿರೋಧ ಪಕ್ಷದ ನಾಯಕರು, ಒಬ್ಬ ಚಿತ್ರನಟ, ಒಬ್ಬ ನಿವೃತ್ತ ನ್ಯಾಯಾಧೀಶರು ದನಿಗೂಡಿಸಿದರು. ಎಂದೂ ಒಂದಾಗದವರು ಒಬ್ಬ ಹೆಣ್ಣುಮಗಳನ್ನು ಬೈಯಲು ಒಂದಾಗಿದ್ದರು. ಇವರ ಬದಲಿಗೆ ನಿಲ್ಲಲು ಸ್ಟುಡಿಯೋದಲ್ಲಿ ಇನ್ನೊಬ್ಬರಿರಲಿಲ್ಲ. ಎಲ್ಲವೂ ಇವರ ಕೈಯಿಂದಲೇ ತಾಯಿಯನ್ನು ಮುಟ್ಟಿತು. ಮನೆಗೆ ಹೋದರೆ, ತಾಯಿ ಆ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದು ಅಲುಗಾಡಲು ಬಿಡಲಿಲ್ಲ. "ನಮ್ಮನೇಲಿ ಅದು ಬಾಯಿ ಮುಚ್ಚು ಅಂದ ಹಾಗೆ."

ಮೂರನೇ ದಿನ ಹೊರಗಿನ ಪ್ರಯೋಗಾಲಯದ ವರದಿ ಬಂತು. ನೀರಿಗೆ ಕಾರ್ಖಾನೆಯ ವಿಷ ಸೇರಿದ್ದು ನಿಜ. ನಿಲ್ಲಿಸದಿದ್ದರೆ ಹೆಣಗಳೇ ಬೀಳುತ್ತಿದ್ದವು. ಅಮಾನತಾಗಿದ್ದ ಅಕ್ಕ ಕೆಲಸಕ್ಕೆ ಮರಳಿದರು. ಕೈಗೊಂಡ ಕ್ರಮ ಸರಿಯಾಗಿತ್ತು ಎಂದು ಮಂತ್ರಿಗಳು ಒಂದು ಸಾಲು ಓದಿ ಎದ್ದುಹೋದರು. ಉಳಿದವರು ಅದನ್ನೂ ಹೇಳಲಿಲ್ಲ.

ಅಂದು ತಾಯಿ ಬಾಗಿಲಲ್ಲೇ ಕಾದಿದ್ದರು. ಮಂತ್ರಿಗಳು ಕ್ಷಮೆ ಕೇಳಿದ್ದನ್ನು ನೀನೇ ತೋರಿಸದೆ ಬಿಟ್ಟೆಯಾ ಎಂದು ಮಗಳನ್ನು ಗದರಿಸಿದರು.

"ಕೇಳಿದ್ರೆ ತಾನೇ ಹೇಳೋಕೆ? ನಾನು ಒಂದಕ್ಷರ ಬಿಟ್ಟವಳಲ್ಲ," ಎನ್ನುತ್ತಾರೆ ಅವರು. "ಕ್ಷಮಿಸಿ ಅನ್ನೋ ಆ ಒಂದು ಮಾತು ಎಂದಾದ್ರೂ ಬಂದ್ರೆ ನನ್ನ ಕೈಯಿಂದಲೇ ಅಮ್ಮನಿಗೆ ಮುಟ್ಟಲಿ ಅಂತ ಆಸೆ. ಆವತ್ತಿಂದ ಒಂದಿನಾನೂ ರಜೆ ಹಾಕಿಲ್ಲ."