ಓಡುವವನಿಗೆ ಲಿಫ್ಟ್ ಇಲ್ಲ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಐವತ್ತೊಂದನೆಯ ವಯಸ್ಸಿನಲ್ಲಿ ನಾನು ಮತ್ತೆ ಓಡಲು ಶುರುಮಾಡಿದ್ದೇನೆ. ಓಡುವುದೆಂದರೆ, ಈಗಿನವರು ಕಿವಿಗೆ ಹಾಡು ಸಿಕ್ಕಿಸಿಕೊಂಡು ಮೆಲ್ಲಗೆ ಕುಪ್ಪಳಿಸುತ್ತಾರಲ್ಲ, ಅದಲ್ಲ. ನೂರು ಮೀಟರು, ಬಿಟ್ಟ ಬಾಣದ ಹಾಗೆ. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನಡೆದಾಡಿ, ಹೋದ ಉಸಿರು ವಾಪಸು ಬಂದಮೇಲೆ ಮತ್ತೊಂದು ನೂರು. ಬಾಣ ಎಂದದ್ದು ಉದ್ದೇಶದ ಮಾತು. ನೋಡಿದವರು ಏನೆಂದಾರೋ ಗೊತ್ತಿಲ್ಲ. ಅರವತ್ತಕ್ಕೆ ಅರಳುಮರಳು ಎನ್ನುತ್ತಾರೆ, ನನಗದು ಒಂಬತ್ತು ವರ್ಷ ಮುಂಚಿತವಾಗಿಯೇ ಬಂದಿದೆ ಎಂಬುದು ನನ್ನ ಹೆಂಡತಿ ನೀಲಮ್ಮನ ಅಭಿಪ್ರಾಯ.

ಕಾರಣ ದೊಡ್ಡದೇನಲ್ಲ. ಮನೆ ಬೀದರದಲ್ಲಿ, ನೌಕರಿ ಭಾಲ್ಕಿ ತಾಲ್ಲೂಕಿನಲ್ಲಿ ಭೂಮಾಪಕನದು. ಹೊಲ ಅಳೆಯುತ್ತ ದಿನವಿಡೀ ನಡೆದವನು ನಾನು. ಈ ವರ್ಷ ಖಟಕ ಚಿಂಚೋಳಿಯ ಹತ್ತಿರ ಒಂದು ತೊಗರಿ ಹೊಲದ ಬದು ದಾಟುವಾಗ, ಕೋಲೂರಿಕೊಂಡು ಬಂದಿದ್ದ ಒಬ್ಬ ಅಜ್ಜ ತನ್ನ ಕೋಲನ್ನು ನನ್ನ ಕಡೆ ಚಾಚಿ, "ಹಿಡೀರಿ ಸಾಹೇಬ್ರ, ಬೀಳ್ತೀರಿ" ಎಂದ. ನಾನು ಹಿಡಿದೆ. ಹಿಡಿಯದಿದ್ದರೆ ಬೀಳುತ್ತಿದ್ದೆ, ಅದೇ ನೋವು. ಡಾಕ್ಟರು ವಾಕಿಂಗ್ ಮಾಡಿ ಎಂದರು. ಆದರೆ ನಡೆಯುವುದೆಂದರೆ ನನಗೆ ಕಚೇರಿಯ ಕೆಲಸವೇ ನೆನಪಾಗುತ್ತದೆ. ನನಗೆ ಬರುವ ಇನ್ನೊಂದು ವಿದ್ಯೆ ಓಟ ಮಾತ್ರ, ಅದೂ ಅರ್ಧಂಬರ್ಧ.

ಆ ಅರ್ಧವನ್ನು ಕಲಿಸಿದವರು ಔರಾದಿನ ನಮ್ಮ ಸಾಲಿಯ ಪಿ.ಟಿ. ಮಾಸ್ತರರು, ಸಾಮುವೇಲಪ್ಪನವರು. ಭಾನುವಾರ ಚರ್ಚಿನಲ್ಲಿ ಎಷ್ಟು ಸೌಮ್ಯವೋ ಸೋಮವಾರ ಮೈದಾನದಲ್ಲಿ ಅಷ್ಟೇ ಖಡಕ್ಕು. ನನಗೊಂದು ಚಟವಿತ್ತು. ಸೀಟಿ ಊದಿದ ಮೇಲೂ ಪಕ್ಕದವನ ಕಾಲು ಎದ್ದಿತೋ ಇಲ್ಲವೋ ನೋಡಿಯೇ ನಾನು ಏಳುತ್ತಿದ್ದೆ. "ಬಾಜೂದವನ ಕಾಲು ಯಾಕ ನೋಡ್ತಿ? ಅದು ನಿನ್ನ ಕಾಲೇನು?" ಎಂದು ಅವರು ಒದರುತ್ತಿದ್ದರು. ಭಾಲ್ಕಿಯಲ್ಲಿ ನಡೆದ ಒಂದು ಪಂದ್ಯದಲ್ಲಿ ನಾನು ಮೂರನೆಯವನಾಗಿ ಬಂದೆ. ಓಡಿದವರು ನಾಲ್ವರು, ಅದರಲ್ಲಿ ಒಬ್ಬ ಜಾರಿ ಬಿದ್ದಿದ್ದ. ಮಾಸ್ತರರು ಶಾಬಾಸ್ ಎನ್ನಲಿಲ್ಲ. ಅವತ್ತಷ್ಟೇ ಅಲ್ಲ, ಎಂದೂ ಅನ್ನಲಿಲ್ಲ. ಹುಡುಗನಾಗಿದ್ದಾಗ ಅದಕ್ಕೆ ಬೇಜಾರಾಗಿತ್ತು. ಈಗಲೂ ಸ್ವಲ್ಪ ಇದೆ.

ಓಡಲಿಕ್ಕೆ ಜಾಗ ಗೊತ್ತುಮಾಡುವುದು ನನಗೆ ಕಷ್ಟವಾಗಲಿಲ್ಲ. ಟೇಪು ಕೈಯಲ್ಲೇ ಇದೆ. ನಮ್ಮ ಓಣಿಯಿಂದ ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ ಬೇವಿನ ಮರದಿಂದ ಟ್ರಾನ್ಸ್‌ಫಾರ್ಮರ್ ಕಂಬದವರೆಗೆ ಅಳೆದೆ. ನೂರಾ ನಾಲ್ಕು ಮೀಟರು. ನಾಲ್ಕು ಮೀಟರು ಸರ್ಕಾರಕ್ಕೆ ಬಿಟ್ಟೆ.

ಕಷ್ಟ ಬಂದದ್ದು ಜನರಿಂದ. ಬೀದರದ ಜನ ಒಳ್ಳೆಯವರು, ಅದೇ ತೊಂದರೆ. ಮೊದಲ ದಿನ ಬೇವಿನ ಮರದಿಂದ ಮೂವತ್ತು ಮೀಟರು ಹೋಗಿರಲಿಲ್ಲ, ಬೇಕರಿಯ ಖಾದರ್‌ಭಾಯಿ ಪಾವಿನ, ಅಂದರೆ ಬ್ರೆಡ್ಡಿನ, ಟ್ರೇ ಕಟ್ಟಿದ ಸ್ಕೂಟರನ್ನು ನನ್ನ ಮುಂದೆ ಅಡ್ಡ ನಿಲ್ಲಿಸಿದರು. "ಯಾಕ್ರಿ ಸರ್, ಏನಾತ್ರಿ? ಯಾರಿಗಿ ಅರಾಮ ಇಲ್ಲ? ಕೂಡ್ರಿ, ದವಾಖಾನಿಗಿ ಬಿಡ್ತೇನಿ." ನಾನು ಸುಮ್ಮನೆ ಓಡುತ್ತಿದ್ದೇನೆ ಎಂದೆ. "ಸುಮ್ಮ ಯಾರರೆ ಓಡ್ತಾರೇನ್ರಿ?" ಎಂದು ಅವರು ನನ್ನ ಹಿಂದೆ ನೋಡಿದರು, ನಾಯಿ ಬೆನ್ನು ಹತ್ತಿದೆಯೋ ಎಂದು. ಮರುದಿನ ಹಾಲಿನವನು ನಿಂತ. ಮೂರನೆಯ ದಿನ ಗುರುತಿಲ್ಲದ ಒಂದು ಆಟೋ. ಅದರಲ್ಲಿದ್ದ ಹೆಣ್ಣುಮಗಳೊಬ್ಬಳು ಸರಿದು ಜಾಗವನ್ನೂ ಮಾಡಿಕೊಟ್ಟಳು.

ಯೋಚಿಸಿದರೆ ಅವರದು ತಪ್ಪಲ್ಲ. ನಡುವಯಸ್ಸಿನ ಮನುಷ್ಯ ಓಡಬೇಕಾದರೆ ಅದಕ್ಕೊಂದು ಕಾರಣ ಇರಲೇಬೇಕೆಂಬುದು ಲೋಕದ ನಿಯಮ. ಕಳ್ಳ ಓಡುತ್ತಾನೆ, ಕಳ್ಳನ ಹಿಂದೆ ಓಡುತ್ತಾರೆ, ಬಸ್ಸಿನ ಹಿಂದೆ ಓಡುತ್ತಾರೆ. ಹಿಂದಿನ ಕಾಲದ ಅಂಚೆಯವನು ಕೋಲಿಗೆ ಗೆಜ್ಜೆ ಕಟ್ಟಿಕೊಂಡು ಓಡುತ್ತಿದ್ದನಂತೆ. ಆ ಸಪ್ಪಳ ಕೇಳಿದರೆ, ಯಾರದೋ ಸುದ್ದಿ ಹೊರಟಿದೆ ಎಂದು ಜನ ದಾರಿ ಬಿಡುತ್ತಿದ್ದರು. ನನ್ನ ಕೈಯಲ್ಲಿ ಗೆಜ್ಜೆಯ ಕೋಲಿಲ್ಲ, ಹೊಟ್ಟೆಯೊಳಗೆ ಸುದ್ದಿಯೂ ಇಲ್ಲ, ಬರೀ ಹೊಟ್ಟೆ ಇದೆ. ನೀಲಮ್ಮ ಒಂದು ಉಪಾಯ ಹೇಳಿದಳು: "ಓಡೂದಾದ್ರ ಹಾಲಿನ ಚೀಲ ಹಿಡ್ಕೊಂಡು ಓಡ್ರಿ. ನೋಡೋರಿಗಿ ಸಮಾಧಾನ, ನನಗ ಹಾಲು." ನಾನು ಒಪ್ಪಲಿಲ್ಲ. ನನಗೆ ಬೇಕಾಗಿದ್ದದ್ದು ಇಷ್ಟೇ: ಯಾರೂ ಮರುಗದೆ, ಯಾರೂ ಕೋಲು ಚಾಚದೆ, ನೂರು ಮೀಟರು.

ನಾಲ್ಕು ತಿಂಗಳು ಹಿಡಿಯಿತು. ದಿನಾ ಎಲ್ಲರಿಗೂ ಹೇಳಿ ಹೇಳಿ, ಕೈಯೆತ್ತಿ "ಹೋಗ್ರಿ, ಹೋಗ್ರಿ" ಎಂದು ಸನ್ನೆ ಮಾಡಿ ಮಾಡಿ, ಕೊನೆಗೆ ಇಡೀ ರಸ್ತೆಗೆ ತಿಳಿಯಿತು. ಆಮೇಲೆ ನಾನು ಕೈಯೆತ್ತಿದರೆ ಅವರೂ ಕೈಯೆತ್ತುತ್ತಿದ್ದರು, ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದರು. ಗೆದ್ದೆ ಅಂದುಕೊಂಡೆ.

ಈಗ ಹಲ್ಲಿನ ವಿಷಯಕ್ಕೆ ಬರುತ್ತೇನೆ.

ಕಳೆದ ತಿಂಗಳು ಸಾಮುವೇಲಪ್ಪ ಮಾಸ್ತರರು ಔರಾದಿನಿಂದ ಬಂದು ಒಂದು ರಾತ್ರಿ ನಮ್ಮ ಮನೆಯಲ್ಲಿ ಉಳಿದರು. ಬೆಳಗಿನ ಗಾಡಿಗೆ ಹೈದರಾಬಾದಿಗೆ ಹೊರಟಿದ್ದರು. ಮೊಮ್ಮಗಳ ಲಗ್ನ. ಲಗ್ನದಲ್ಲಿ ಪ್ರಾರ್ಥನೆ ಹೇಳುವವರು ಅವರೇ. "ಪಾದ್ರಿಗೋಳು ಅದಾರ, ಆದ್ರ ಹುಡುಗಿ ಕೇಳವಲ್ಲಳು. ಅಜ್ಜನೇ ಹೇಳಬೇಕಂತ" ಎಂದು ನಾಲ್ಕು ಸಲ ಹೇಳಿದರು. ಎಂಬತ್ತು ದಾಟಿದ ಮುಖದಲ್ಲಿ ಅಷ್ಟು ಖುಷಿಯನ್ನು ನಾನು ಹಿಂದೆ ನೋಡಿರಲಿಲ್ಲ. ಬೆಳಿಗ್ಗೆ ಆಟೋ ಬಂತು. ನಾನೂ ಸ್ಟೇಷನ್ನಿಗೆ ಬರುತ್ತೇನೆಂದರೆ ಬಾಯಿಗೆ ಸುತ್ತಿದ ಮಫ್ಲರಿನೊಳಗಿಂದಲೇ ಗದರಿದರು: "ಇದು ನಿನ್ನ ಓಡೂ ಹೊತ್ತು. ಪ್ರ್ಯಾಕ್ಟಿಸ್ ತಪ್ಪಸಬ್ಯಾಡ."

ನಾನು ಬೂಟಿನ ದಾರ ಕಟ್ಟುತ್ತಿದ್ದೆ. ನೀಲಮ್ಮ ಬಚ್ಚಲಿನಿಂದ ಒಂದು ಸ್ಟೀಲಿನ ಡಬ್ಬಿ ತಂದು ಮುಚ್ಚಳ ತೆಗೆದಳು. ಒಳಗೆ ಮಾಸ್ತರರ ಹಲ್ಲಿನ ಸೆಟ್ಟು, ಮೇಲಿನದೂ ಕೆಳಗಿನದೂ. ಹಲ್ಲಿಲ್ಲದ ಬಾಯಲ್ಲಿ ಪ್ರಾರ್ಥನೆ ಹೇಳಿದರೆ ದೇವರಿಗೆ ತಿಳಿದೀತು, ಬೀಗರಿಗೆ ತಿಳಿಯುವುದಿಲ್ಲ. ಫೋನು ಮಾಡಿದೆ. ಚಾರ್ಜು ಉಳಿಯಲೆಂದು ಅವರು ಅದನ್ನು ಬಂದ್ ಮಾಡಿ ಚೀಲದ ತಳದಲ್ಲಿಡುತ್ತಾರೆ. ನನ್ನ ಬೈಕು ಎರಡು ದಿನದಿಂದ ಮೆಕ್ಯಾನಿಕ್ಕಿನ ಹತ್ತಿರ. ಗಾಡಿಗೆ ಉಳಿದದ್ದು ಹದಿನೈದು ನಿಮಿಷ, ಸ್ಟೇಷನ್ನು ಇರುವುದು ಒಂದೂವರೆ ಕಿಲೋಮೀಟರು ದೂರ.

ಓಡಿದೆ. ಬೇವಿನ ಮರ, ಟ್ರಾನ್ಸ್‌ಫಾರ್ಮರು; ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು, ರಸ್ತೆ ಮುಗಿಯಲಿಲ್ಲ. ಹಿಂದಿನಿಂದ ಖಾದರ್‌ಭಾಯಿಯ ಸ್ಕೂಟರಿನ ಸಪ್ಪಳ ಕೇಳಿತು. ಸದ್ಯ ಬದುಕಿದೆ ಎಂದು ಕೈಯೆತ್ತಿದೆ. ಅವರೂ ಕೈಯೆತ್ತಿದರು. "ವಾರೆವ್ಹಾ ಸರ್! ಇವತ್ತ ಭಾಳ ಜೋರ್ ಓಡ್ಲತ್ತೀರಿ!" ಎಂದು ಹಾರ್ನ್ ಹೊಡೆದು ಹೋಗಿಯೇಬಿಟ್ಟರು. ಕೂಗಬೇಕೆಂದರೆ ಉಸಿರಿಲ್ಲ. ಹಾಲಿನವನು ನಕ್ಕು ಹೋದ. ಒಂದು ಆಟೋ ನಿಧಾನ ಮಾಡಿತು. ಡ್ರೈವರ್ ತಲೆ ಹೊರಹಾಕಿ, ಒಳಗಿದ್ದವರಿಗೆ "ಇವರು ದಿನಾ ಓಡ್ತಾರ್ರಿ" ಎಂದು ನನ್ನನ್ನು ತೋರಿಸಿ ಮುಂದೆ ಹೋದ. ನಾಲ್ಕು ತಿಂಗಳು ಕಷ್ಟಪಟ್ಟು ಕಲಿಸಿದ ಪಾಠವನ್ನು ಒಬ್ಬರೂ ಮರೆತಿರಲಿಲ್ಲ. ಕೈಯಲ್ಲಿ ಡಬ್ಬಿ ಗಲಗಲ ಅನ್ನುತ್ತಿತ್ತು. ಓಡುವುದು, ನಾಲ್ಕು ಹೆಜ್ಜೆ ನಡೆಯುವುದು, ಮತ್ತೆ ಓಡುವುದು. ಆ ಅಜ್ಜನ ಕೋಲು ಸಿಕ್ಕಿದ್ದರೆ ಹಿಡಿಯುತ್ತಿದ್ದೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಆದರೆ ಕಾಲು ನಿಲ್ಲಲಿಲ್ಲ.

ಪ್ಲಾಟ್‌ಫಾರ್ಮಿಗೆ ಮುಟ್ಟಿದಾಗ ಗಾಡಿ ಇನ್ನೂ ನಿಂತಿತ್ತು. ಮಾಸ್ತರರು ಕಿಟಕಿಯ ಪಕ್ಕ ಬಾಯಿಗೆ ಕರವಸ್ತ್ರ ಹಿಡಿದು ಕುಳಿತಿದ್ದರು. ಅವರಿಗೆ ಆಗಲೇ ಗೊತ್ತಾಗಿತ್ತು. ಕಣ್ಣು ನೋಡಿದರೆ ತಿಳಿಯುತ್ತಿತ್ತು. ನಾನು ಕಿಟಕಿಯ ಸರಳಿನ ನಡುವೆ ಡಬ್ಬಿ ತೂರಿಸಿದೆ. ಅವರು ಆ ಕಡೆ ತಿರುಗಿ, ಹಲ್ಲು ಹಾಕಿಕೊಂಡು, ಈ ಕಡೆ ತಿರುಗುವಷ್ಟರಲ್ಲಿ ಗಾಡಿ ಅಲುಗಿತು.

"ಓಡಕೊಂತ ಬಂದೇನು?"

"ಹೌದ್ರಿ ಸರ್."

"ಬಾಜೂದವನ ಕಾಲು ನೋಡಿದೇನು?"

"ಬಾಜೂಕ ಯಾರೂ ಇದ್ದಿಲ್ರಿ ಸರ್."

"ಅದಕ್ಕಽ ಫಸ್ಟ್ ಬಂದಿ. ಶಾಬಾಸ್!" ಎಂದರು. ಎಲ್ಲ ಹಲ್ಲೂ ಕಾಣಿಸುವ ಹಾಗೆ ನಕ್ಕರು.

ಗಾಡಿ ಹೋದ ಮೇಲೂ ನಾನು ಸ್ವಲ್ಪ ಹೊತ್ತು ಅಲ್ಲಿಯ ಬೆಂಚಿನ ಮೇಲೆ ಕುಳಿತಿದ್ದೆ. ಉಸಿರಿಗಾಗಿ ಅಂದರೆ ಅರ್ಧ ನಿಜ. ಇಷ್ಟು ವರ್ಷದ ಮೇಲೆ ಬಂದ ಆ ಒಂದು ಮಾತು ಎದೆಯಲ್ಲಿ ಎಲ್ಲಿ ಕೂರಬೇಕೆಂದು ಜಾಗ ಹುಡುಕುತ್ತಿತ್ತು.

ತಿರುಗಿ ಮನೆಗೆ ನಡೆದೇ ಹೊರಟೆ, ಕಾಲೆಳೆಯುತ್ತ. ಎದುರಿನಿಂದ ಬಂದ ಖಾದರ್‌ಭಾಯಿ ನನ್ನನ್ನು ನೋಡಿ ಗಕ್ಕನೆ ಬ್ರೇಕ್ ಹಾಕಿದರು.

"ಯಾಕ್ರಿ ಸರ್, ಏನಾತ್ರಿ? ನಡ್ಕೊಂತ ಹೊಂಟೀರಿ! ಅರಾಮ ಇಲ್ಲೇನು? ಕೂಡ್ರಿ, ಕೂಡ್ರಿ, ಮನಿಗಿ ಬಿಡ್ತೇನಿ."

ಸ್ಕೂಟರ್ ತಿರುಗಿಸಿದರು. ನಾನು ಎರಡನೆಯ ಮಾತಾಡದೆ ಹತ್ತಿ ಕುಳಿತೆ. ಟ್ರಾನ್ಸ್‌ಫಾರ್ಮರಿನ ಹತ್ತಿರ ಬಂದಾಗ ಅವರು ವೇಗ ತಗ್ಗಿಸಿ, "ಇಲ್ಲಿ ಇಳಿಸ್ಲೇನ್ರಿ? ಬೇವಿನ ಗಿಡದ ತನಕ ಓಡ್ತೀರೇನು?" ಎಂದು ಕೇಳಿದರು. "ಬ್ಯಾಡ್ರಿ ಭಾಯಿ, ಸೀದಾ ಮನಿಗೇ ಬಿಡ್ರಿ" ಎಂದು, ಖಾಲಿ ಪಾವಿನ ಟ್ರೇ ತೊಡೆಯ ಮೇಲಿಟ್ಟುಕೊಂಡು, ಅವರ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡೆ.