ಬಲಮಂಡಿಯ ಹಳದಿ ಬಿಲ್ಲೆ

ಬಸ್ಸಿನ ಸೀಟು, ಕಾರಿನ ಸೀಟು, ಹಲ್ಲಿನ ಡಾಕ್ಟರ ಕುರ್ಚಿ, ಇಂಥವಕ್ಕೆಲ್ಲ ಹೊದಿಕೆ ಹೊಲಿಯುವ ಅಂಗಡಿಯಲ್ಲಿ ಅವಳು ಇಪ್ಪತ್ತೆರಡು ವರ್ಷ ಕಳೆದಿದ್ದಳು. ಸವೆದ ಚರ್ಮವನ್ನು ಕೈಗೆ ಕೊಟ್ಟರೆ ಸಾಕು, ಅದರ ಜಾತಕವನ್ನೇ ಬಿಚ್ಚಿಡುತ್ತಿದ್ದಳು. ಈ ಡ್ರೈವರ್ ಎಡಕ್ಕೆ ವಾಲಿ ಕೂರುತ್ತಾನೆ, ಈತ ಹಿಂದಿನ ಜೇಬಿನಲ್ಲಿ ಬೀಗದ ಕೈ ಗೊಂಚಲು ಇಟ್ಟುಕೊಳ್ಳುತ್ತಾನೆ, ಈ ಕುರ್ಚಿಯ ತೋಳನ್ನು ರೋಗಿಗಳು ಉಗುರಲ್ಲಿ ಪರಚಿದ್ದಾರೆ, ಅಂದರೆ ಡಾಕ್ಟರ ಕೈ ಒರಟು. ಅಂಗಡಿಯ ಯಜಮಾನ ಕೇಳಿ ನಗುತ್ತಿದ್ದ. ಆದರೆ ಅವಳ ಮಾತು ಸುಳ್ಳಾದದ್ದನ್ನು ಅವನೂ ಕಂಡಿರಲಿಲ್ಲ.

ಗಂಡ ಲೇತ್ ಕೆಲಸದವನು. ವಾರದ ಆರು ದಿನ ಕೂದಲಲ್ಲಿ ಕಬ್ಬಿಣದ ಪುಡಿ ಹೊತ್ತು ಬಂದು, ಹಾಕಿದ್ದನ್ನು ಉಂಡು ಮಲಗುವ ಸಾಧು ಮನುಷ್ಯ. ಭಾನುವಾರ ಮಾತ್ರ ಬೇರೆಯೇ ಅವತಾರ. ಊರಾಚೆ ಮುಚ್ಚಿಹೋದ ಸಿಮೆಂಟ್ ಕಾರ್ಖಾನೆಯ ಸುತ್ತ ಮೂರು ಕಿಲೋಮೀಟರ್ ರಸ್ತೆಯಿದೆ. ತಿಂಗಳಿಗೊಮ್ಮೆ ಅಲ್ಲಿ ಹವ್ಯಾಸಿಗಳ ಮೋಟರ್‌ಸೈಕಲ್ ರೇಸು. ಗೆದ್ದವನಿಗೆ ತಗಡಿನ ಕಪ್, ಸೋತವರಿಗೆ ಮುಂದಿನ ತಿಂಗಳವರೆಗೆ ಮಾತಾಡಲು ಒಂದು ನೆಪ. ಅಲ್ಲಿ ಅವನ ನಿಜವಾದ ಹೆಸರು ಯಾರಿಗೂ ಬೇಕಿರಲಿಲ್ಲ. ಎಲ್ಲರಿಗೂ ಅವನು ಮಂಡಿ ಮಾಸ್ತರ್.

ಆ ಹೆಸರು ಪುಕ್ಕಟೆ ಬಂದದ್ದಲ್ಲ. ಅವನದು ಹದಿನೇಳು ಹಾರ್ಸ್‌ಪವರಿನ ಹಳೇ ಗಾಡಿ. ಗೋಡೌನಿನ ಗೋಡೆಯುದ್ದಕ್ಕೂ ಇರುವ ನೇರ ರಸ್ತೆಯಲ್ಲಿ ಐವತ್ತು ಹಾರ್ಸ್‌ಪವರಿನವರು ಅವನನ್ನು ಕರೆಂಟು ಕಂಬ ದಾಟಿದ ಹಾಗೆ ದಾಟಿಹೋಗುತ್ತಿದ್ದರು. ಹೋಗಲಿ ಎಂದು ಬಿಡುತ್ತಿದ್ದ. ನೇರ ರಸ್ತೆ ಮುಗಿಯುವಲ್ಲಿ ನೀರಿನ ಟ್ಯಾಂಕಿನ ಬಲತಿರುವು. ದೊಡ್ಡ ಗಾಡಿಯವರು ಅಲ್ಲಿ ಬ್ರೇಕ್ ಅದುಮಿ, ಹೆಚ್ಚೂಕಡಿಮೆ ನಿಂತು, ತಿರುಗಿ, ಮತ್ತೆ ಹೊರಡಬೇಕು. ಇವನು ಬ್ರೇಕ್ ಮುಟ್ಟಿದ ಶಾಸ್ತ್ರ ಮಾಡಿ, ಗಾಡಿಯನ್ನು ಬಲಕ್ಕೆ ಮಲಗಿಸಿ, ಮಂಡಿಯನ್ನು ರಸ್ತೆಗೆ ಉಜ್ಜುತ್ತ, ಬಂದ ವೇಗ ಕಳೆದುಕೊಳ್ಳದೆ ಒಳಗಿನಿಂದ ನುಸುಳಿ ಎಲ್ಲರ ಮುಂದೆ ಹೊರಬರುತ್ತಿದ್ದ.

"ಪವರನ್ನ ಅಂಗಡೀಲಿ ಕೊಂಡ್ಕೋಬಹುದು ಕಣ್ರೋ, ತಿರುವನ್ನ ಎಲ್ಲಿಂದ ತರ್ತೀರಿ?" ಎಂದು ಮೀಸೆಯ ಮೇಲೆ ಕೈಯಾಡಿಸುತ್ತಿದ್ದ.

ಮಂಡಿ ಕಿತ್ತುಹೋಗದಿರಲೆಂದು ಚರ್ಮದ ಉಡುಪಿನ ಹೊರಬದಿಗೆ ಅಂಗೈಯಗಲದ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆ ಅಂಟಿಸಿಕೊಳ್ಳುತ್ತಾರೆ. ತಿರುವಿನಲ್ಲಿ ರಸ್ತೆ ಅದನ್ನು ತಿನ್ನುತ್ತದೆ. ಬಿಲ್ಲೆ ಎಷ್ಟು ಸವೆದಿದೆಯೋ ಅಷ್ಟು ಗಂಡಸು, ಇದು ಆ ಭಾನುವಾರದ ಮಂದಿಯ ಅಳತೆಗೋಲು. ಮಾಸ್ತರನದು ಹಳದಿ ಬಿಲ್ಲೆ. ಅದನ್ನು ಹಿಡಿದಿಡುವ ಪಟ್ಟಿ ಹರಿದಾಗಲೆಲ್ಲ ಹೊಲಿದುಕೊಡುವವಳು ಹೆಂಡತಿ. ಅಂಚು ಕಾಗದದಷ್ಟು ತೆಳ್ಳಗಾದ ಬಿಲ್ಲೆ ಕಂಡರೆ ಅವಳಿಗೂ ಒಳಗೊಳಗೇ ಹೆಮ್ಮೆ, ಸುಳ್ಳೇಕೆ ಹೇಳಬೇಕು.

ಅವಳ ತಮ್ಮ ಲಿಫ್ಟ್ ಮೆಕ್ಯಾನಿಕ್. ಅಮ್ಮ ಹೋದಮೇಲೆ ಅವಳ ಕೈತುತ್ತು ತಿಂದು ಬೆಳೆದವನು. ಈಗ ಮೂವತ್ತೈದು, ಮನೆಯಲ್ಲಿ ಹೆಂಡತಿ, ಒಬ್ಬಳು ಮಗಳು. ಭಾವನೆಂದರೆ ಅವನಿಗೆ ಪ್ರಾಣ. ರೇಸಿನ ಗೀಳು ಹತ್ತಿದ್ದೂ ಭಾವನಿಂದಲೇ.

ಎರಡು ವರ್ಷದ ಹಿಂದೆ ಮಾಸ್ತರ ಅದೇ ಟ್ಯಾಂಕಿನ ತಿರುವಿನಲ್ಲಿ ಜಾರಿಬಿದ್ದ. ಭುಜದ ಮೂಳೆ ಮುರಿಯಿತು, ಕೂಡಿಕೊಂಡಿತು, ಅಷ್ಟೇ ಎಂದರು ಡಾಕ್ಟರು. ಅಷ್ಟೇ ಅಲ್ಲವೆಂದು ಅವಳಿಗೆ ತಿಳಿದದ್ದು ತರಕಾರಿಗೆ ಹೋಗುವಾಗ. ಸ್ಕೂಟರಿನಲ್ಲಿ ಹಿಂದೆ ಕೂತಿದ್ದಳು. ಅಂಚೆ ಕಚೇರಿಯ ಮೂಲೆ ಬಂದಾಗ ಗಂಡ ಎಷ್ಟು ನಿಧಾನ ಮಾಡಿದನೆಂದರೆ ಹಿಂದಿನ ಸೈಕಲ್ಲಿನ ಮುದುಕಪ್ಪ ಬೆಲ್ ಬಾರಿಸಿ, ಬೈದು, ಮುಂದೆ ಹೋದ. ಗಂಡನ ಬೆನ್ನು ಬೆವರಿದ್ದು ಅವಳ ಕೈಗೆ ಹತ್ತಿತು.

ಆ ವರ್ಷವೇ ಅವನು ಐವತ್ತು ಹಾರ್ಸ್‌ಪವರಿನ ಗಾಡಿ ತಂದ. ಹಳೆಯದನ್ನು ಬಾಮೈದನಿಗೆ ಕೊಟ್ಟ. ವಯಸ್ಸಾಯಿತು, ಇನ್ನು ಸ್ವಲ್ಪ ಪವರೂ ಇರಲಿ ಎಂದ. ಮಾಸ್ತರನ ತಿರುವಿಗೆ ಪವರೂ ಕೂಡಿದರೆ ಇನ್ನು ನಮಗೆ ಉಳಿಗಾಲವಿಲ್ಲ ಎಂದು ಉಳಿದವರು ಹಣೆ ಚಚ್ಚಿಕೊಂಡರು. ಮೊದಲೆರಡು ರೇಸಿನಲ್ಲಿ ಅವನು ಒಂದೇ ಸುತ್ತಿಗೆ ಹೊರಬಂದ. ಗಾಡಿ ಇನ್ನೂ ಪಳಗಿಲ್ಲ ಎಂದ. ಆಮೇಲೆ ಕೆಲಸದ ದಿನ ಸಂಜೆ ಒಬ್ಬನೇ ಅಭ್ಯಾಸಕ್ಕೆ ಹೋಗತೊಡಗಿದ. ಹಾಗೆ ಹೋಗಿಬಂದಾಗಲೆಲ್ಲ ಬಲಮಂಡಿಯ ಬಿಲ್ಲೆ ಸವೆದಿರುತ್ತಿತ್ತು. ಅದನ್ನು ಗೆಳೆಯರಿಗೂ ತೋರಿಸುತ್ತಿದ್ದ.

ಒಂದು ಬೆಳಗ್ಗೆ ಬಟ್ಟೆ ಒಗೆಯಲು ಹಿತ್ತಿಲಿಗೆ ಹೋದವಳಿಗೆ ನಲ್ಲಿಯ ಪಕ್ಕದ ಸಿಮೆಂಟ್ ಮೆಟ್ಟಿಲ ಮೇಲೆ ಹಳದಿ ಗೀರು ಕಂಡಿತು. ಉಗುರಲ್ಲಿ ಕೆರೆದು ನೋಡಿದಳು. ಪ್ಲಾಸ್ಟಿಕ್ಕಿನ ಪುಡಿ. ಒಳಗೆ ಬಂದು ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ರಸ್ತೆ ಸವೆಸಿದರೆ ಬಿಲ್ಲೆ ಓರೆಯಾಗಿ ಸವೆಯುತ್ತದೆ, ಗೀರುಗಳೆಲ್ಲ ಒಂದೇ ಕಡೆಗೆ ಓಡುತ್ತವೆ. ಇದು ಮಣೆಯಂತೆ ಸಮತಟ್ಟಾಗಿತ್ತು, ಗೀರುಗಳು ಅತ್ತಿಂದಿತ್ತ ಇತ್ತಿಂದತ್ತ. ನೀರು ಬಿಟ್ಟುಕೊಂಡು ಕೈಯಲ್ಲಿ ಉಜ್ಜಿದ್ದು. ಮಂಡಿ ಮಾಸ್ತರ ಹಿತ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತು ತನ್ನ ಹೆಸರನ್ನು ತೇಯುತ್ತಿರುವುದು ಕಣ್ಣಮುಂದೆ ಬಂದು ಅವಳಿಗೆ ನಗು ಬಂತು.

ಕೇಳಬೇಕೆಂದುಕೊಂಡಳು, ಕೇಳಲಿಲ್ಲ. ಆರು ದಿನ ಯಾರೂ ಅಲ್ಲದ ಮನುಷ್ಯ ಏಳನೇ ದಿನ ಒಬ್ಬ ಅನ್ನಿಸಿಕೊಂಡಿದ್ದ. ಅದನ್ನೂ ತಾನೇ ಕಿತ್ತುಕೊಳ್ಳುವುದೇ? ಇನ್ನೆರಡು ರೇಸು ನೋಡಿ ತಾನಾಗಿ ಬಿಟ್ಟುಬಿಡುತ್ತಾನೆ, ಮರ್ಯಾದೆಯೂ ಉಳಿಯುತ್ತದೆ. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು ಮೆಟ್ಟಿಲನ್ನು ಬ್ರಶ್ಶಿನಿಂದ ತಿಕ್ಕಿ ತೊಳೆದಳು.

ಹತ್ತು ದಿನ ಕಳೆದು ತಮ್ಮ ಅವಳ ಅಂಗಡಿಗೆ ಬಂದ, ಕೈಗವಸಿನ ಹೊಲಿಗೆ ಬಿಟ್ಟಿತ್ತು. ಪಟ್ಟಿ ಹೊಲಿಯಲು ಅವಳು ಮನೆಯಿಂದ ತಂದಿದ್ದ ಹಳದಿ ಬಿಲ್ಲೆ ಮೇಜಿನ ಮೇಲೇ ಇತ್ತು. ಯಜಮಾನ ಪಕ್ಕದಲ್ಲಿ ರೆಕ್ಸಿನ್ ಕತ್ತರಿಸುತ್ತಿದ್ದ.

"ಅಕ್ಕ, ಒಂದು ಮಾತು. ಟ್ಯಾಂಕಿನ ತಿರುವಲ್ಲಿ ಭಾವ ಮೊದಲಿನ ಹಾಗೇ ಹೋಗ್ತಾರಾ?"

"ಯಾಕೆ?"

"ಅಲ್ಲಿ ಬೇರೆ ದೊಡ್ಡ ಗಾಡಿಯವರ ಹಿಂದೆ ಇದ್ರೆ ಮೊದಲೇ ದೂರ ಬಿಟ್ಕೊಂಡಿರ್ತೀವಿ. ಅವರು ಬ್ರೇಕ್ ಹಾಕ್ತಾರೆ, ಗೊತ್ತು. ಮಲಗಿಸಿದ ಗಾಡೀಲಿ ನಾವು ಬ್ರೇಕ್ ಹಿಡಿಯೋಕಾಗಲ್ಲ. ಭಾವ ಹಾಕಲ್ಲ ಅಂದ್ರೆ ಅವರ ಹಿಂದಿನ ಚಕ್ರಕ್ಕೆ ಅಂಟ್ಕೊಂಡೇ ಹೋಗಬಹುದು."

ಇಲ್ಲ, ದೂರ ಇರು ಎನ್ನಬೇಕಿತ್ತು. ಎರಡೇ ಎರಡು ಮಾತು. ಯಜಮಾನ ಕತ್ತರಿ ನಿಲ್ಲಿಸಿ ಕಿವಿಗೊಟ್ಟಿದ್ದ. ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಊರಿಗೆಲ್ಲ. ಅವಳು ಬಿಲ್ಲೆಯನ್ನು ತಮ್ಮನ ಕಡೆ ತಳ್ಳಿದಳು.

"ನೀನೇ ನೋಡ್ಕೋ."

ಅವನು ಎತ್ತಿ ನೋಡಿದ. ಎಷ್ಟು ಸವೆದಿದೆ ಎಂದಷ್ಟೇ ನೋಡಿದ. ಮುಖ ಅರಳಿತು. ಭಾವ ಭಾವನೇ ಎಂದು ಹೇಳಿ, ಬಿಲ್ಲೆಯನ್ನು ಜೋಪಾನವಾಗಿ ಮೇಜಿಗೆ ಮರಳಿಸಿ ಹೋದ.

ಆ ಭಾನುವಾರ ಅವಳು ರೇಸಿಗೆ ಹೋದಳು, ಎಂದೂ ಹೋಗದವಳು. ಟ್ಯಾಂಕಿನ ತಿರುವಿನಲ್ಲಿ ಹಳೇ ಟೈರುಗಳ ಹಿಂದೆ ನಿಂತಳು. ಎರಡನೇ ಸುತ್ತು. ನೇರ ರಸ್ತೆ ಇನ್ನೇನು ಮುಗಿಯುವಾಗ ಗಂಡನ ಗಾಡಿ ಅಬ್ಬರಿಸಿಕೊಂಡು ಬಂದು ತಮ್ಮನನ್ನು ದಾಟಿತು. ತಮ್ಮ ಬೆನ್ನುಬಿದ್ದ. ತಿರುವಿಗೆ ಇಬ್ಬರೂ ಒಟ್ಟಿಗೆ ಬಂದರು. ತಮ್ಮ ಗಾಡಿಯನ್ನು ಮಲಗಿಸಿದ, ಮಂಡಿ ನೆಲ ಮುಟ್ಟಿತು. ಗಂಡ ಅರ್ಧ ಮಲಗಿಸಿದವನು ತಿರುವಿನ ನಡುವಲ್ಲಿ ಸೆಟೆದು ಕೂತು ಬ್ರೇಕ್ ಹಿಡಿದುಬಿಟ್ಟ. ಕೆಂಪು ದೀಪ ಹೊತ್ತಿದ್ದನ್ನು ಅವಳು ನೋಡಿದಳು. ತಮ್ಮ ನೋಡಿದನೋ ಇಲ್ಲವೋ. ಅವನ ಮುಂದಿನ ಚಕ್ರ ಭಾವನ ಹಿಂದಿನ ಚಕ್ರಕ್ಕೆ ತಗಲಿತು. ಗಾಡಿ ಒಂದು ಕಡೆ ಹೋಯಿತು, ಅವನು ಬೆನ್ನುಕೊಟ್ಟು ಟ್ಯಾಂಕಿನ ಕಟ್ಟೆಗೆ ಹೋಗಿ ಬಡಿದ.

ಜೀವ ಉಳಿಯಿತು. ಸೊಂಟದಿಂದ ಕೆಳಗೆ ಉಳಿಯಲಿಲ್ಲ.

ಹಿಂದಿನಿಂದ ಗುದ್ದಿದವನದೇ ತಪ್ಪು ಎಂಬುದು ಅಲ್ಲಿಯ ನಿಯಮ. ಎಲ್ಲರೂ ಹಾಗೇ ಅಂದರು. ತಮ್ಮನೂ ಅಂದ. ಆಸ್ಪತ್ರೆಯ ಮಂಚದಲ್ಲಿ ಅಂಗಾತ ಮಲಗಿಕೊಂಡೇ, ನಾನೇ ಅವಸರ ಮಾಡಿದೆ ಭಾವ, ನೀವು ಸರಿಯಾಗೇ ಹೋಗುತ್ತಿದ್ದಿರಿ ಎಂದು ಸಮಾಧಾನ ಹೇಳಿದ. ಮಾಸ್ತರ ಬಾಮೈದನ ಕೈ ಹಿಡಿದು ಬಿಕ್ಕಿ ಬಿಕ್ಕಿ ಅತ್ತ. ಅತ್ತನೇ ಹೊರತು ಬಾಯಿ ಬಿಡಲಿಲ್ಲ. ಆಮೇಲೆ ಗಾಡಿಗೆ ಟಾರ್ಪಾಲು ಹೊದಿಸಿದ. ಹೆಂಡತಿಯ ಕಣ್ಣು ತಪ್ಪಿಸಿ ಓಡಾಡಿದ, ಅವಳು ಅವನ ಕಣ್ಣು ತಪ್ಪಿಸಿದಳು. ಒಂದೇ ಮನೆಯಲ್ಲಿ ಇಬ್ಬರು ಕಳ್ಳರು.

ನಾಲ್ಕು ತಿಂಗಳಾದ ಮೇಲೆ ತಮ್ಮ ಹೇಳಿಕಳಿಸಿದ. ಎರಡೂ ಬಿಲ್ಲೆ ತರಬೇಕಂತೆ, ಭಾವನದು ಮತ್ತು ತನ್ನದು. ಎಲ್ಲಿ ತಪ್ಪಿದೆನೆಂದು ನೋಡಬೇಕಂತೆ. ಹರಿದ ಉಡುಪಿನ ಜೊತೆ ಅವನ ಬಿಲ್ಲೆಯೂ ಅವಳ ಹತ್ತಿರವೇ ಇತ್ತು. ಗಂಡನದು ಕಳೆದುಹೋಗಿದೆ ಎನ್ನಬಹುದಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು. ಹೋಗಿ ಎರಡನ್ನೂ ಅವನ ಎದೆಯ ಮೇಲಿಟ್ಟಳು.

ಮುಂದಿನ ಕೋಣೆಗೆ ಮಂಚ ತಂದು ಹಾಕಿದ್ದರು. ಮಗಳು ಹೊಸ್ತಿಲಲ್ಲಿ ಕೂತು ಬರೆಯುತ್ತಿದ್ದಳು. ತಮ್ಮ ಮೊದಲು ತನ್ನ ಬಿಲ್ಲೆಯ ಮೇಲೆ ಹೆಬ್ಬೆರಳು ಎಳೆದ. ಆಮೇಲೆ ಹಳದಿಯದರ ಮೇಲೆ. ಮತ್ತೆ ತನ್ನದು, ಮತ್ತೆ ಹಳದಿಯದು. ಲಿಫ್ಟಿನ ಬ್ರೇಕು ಸವೆದದ್ದನ್ನು ಹದಿನೈದು ವರ್ಷ ಮುಟ್ಟಿ ನೋಡಿದ ಬೆರಳು. ಅಂದು ಅಂಗಡಿಯಲ್ಲಿ ಭಕ್ತಿ ಅಡ್ಡ ಬಂದಿತ್ತು, ಈಗ ಅದೂ ಇರಲಿಲ್ಲ.

"ಇದು ರಸ್ತೆ ಸವೆಸಿದ್ದಲ್ಲ," ಎಂದ.

"ಅಲ್ಲ. ನಮ್ಮ ನಲ್ಲಿ ಹತ್ರದ ಮೆಟ್ಟಿಲು."

ಅವನು ಸೂರು ನೋಡುತ್ತ ಕೇಳಿದ.

"ನಿನಗೆ ಯಾವಾಗ ಗೊತ್ತಾಯ್ತು?"

ನಿನ್ನೆ ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು.

"ನೀನು ಅಂಗಡಿಗೆ ಬಂದು ಕೇಳಿದ್ಯಲ್ಲ, ಅದಕ್ಕೆ ಹತ್ತು ದಿನ ಮುಂಚೆ."

ಅವನು ಬೈಯಲಿಲ್ಲ, ಅಳಲಿಲ್ಲ. ಎರಡು ಬಿಲ್ಲೆಗಳನ್ನೂ ಎದೆಯ ಮೇಲಿಂದ ತೆಗೆದು ಹಾಸಿಗೆಯ ಅಂಚಿಗೆ, ಅವಳ ಕಡೆಗೆ ಸರಿಸಿದ. ಆಮೇಲೆ ಮಗಳನ್ನು ಕರೆದ.

"ಅತ್ತೆ ಹೊರಡ್ತಾರೆ ಪುಟ್ಟಿ, ಬಾಗಿಲು ಹಾಕ್ಕೋ."

ಅವಳಿನ್ನೂ ಕುರ್ಚಿಯಿಂದ ಎದ್ದಿರಲಿಲ್ಲ.